ಗೋಡೆ ಬಿದ್ದ ಮೇಲಿನ ಜುಲೈ

ಬರ್ಲಿನ್ ಗೋಡೆ ಎಂದ ಕೂಡಲೇ ಕಣ್ಣಿಗೆ ಬರುವುದು 1989ರ ನವೆಂಬರ್ 9ರ ರಾತ್ರಿ. ಗೋಡೆ ಹತ್ತಿ ನಿಂತವರು, ಸುತ್ತಿಗೆ ಹಿಡಿದವರು, ಗುರುತಿಲ್ಲದವರನ್ನು ತಬ್ಬಿಕೊಂಡು ಅತ್ತವರು. ಆದರೆ ಪೂರ್ವ ಜರ್ಮನಿಯ ಸಾಮಾನ್ಯರ ಬದುಕು ನಿಜವಾಗಿ ಮಗ್ಗುಲು ಬದಲಿಸಿದ್ದು ಸುಮಾರು ಎಂಟು ತಿಂಗಳ ನಂತರ, 1990ರ ಜುಲೈ 1ರಂದು, ಬ್ಯಾಂಕಿನ ಕೌಂಟರಿನಲ್ಲಿ ಎಂದು ನನಗನ್ನಿಸುತ್ತದೆ.

ಅಂದು ಪೂರ್ವದ ಮಾರ್ಕು ರದ್ದಾಗಿ ಪಶ್ಚಿಮದ ಡಾಯ್ಚ್ ಮಾರ್ಕು ಚಲಾವಣೆಗೆ ಬಂತು. ಎರಡು ದೇಶಗಳು ಒಂದಾದದ್ದು ಅಕ್ಟೋಬರ್ 3ಕ್ಕೆ. ದುಡ್ಡು ಅದಕ್ಕೂ ಮೊದಲೇ ಒಂದಾಗಿತ್ತು. ಪೂರ್ವ ಬರ್ಲಿನ್ನಿನ ಅಲೆಕ್ಸಾಂಡರ್ ಚೌಕದಲ್ಲಿ ಪಶ್ಚಿಮದ ಬ್ಯಾಂಕೊಂದು ಮಧ್ಯರಾತ್ರಿಯೇ ಬಾಗಿಲು ತೆರೆಯಿತು, ಸಾವಿರಾರು ಜನ ನುಗ್ಗಿದರು. 2016ರ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸಾಲುಗಟ್ಟಿದ್ದ ನಮಗೆ ಆ ನೂಕುನುಗ್ಗಲನ್ನು ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ. ಅವರು ಮಾತ್ರ ಖುಷಿಯಿಂದ ನಿಂತಿದ್ದರು. ಸಂಬಳ, ಪಿಂಚಣಿಗಳೆಲ್ಲ ಒಂದಕ್ಕೊಂದರಂತೆ ಬದಲಾದವು. ಉಳಿತಾಯದಲ್ಲಿ ದೊಡ್ಡವರಿಗೆ 4,000 ಮಾರ್ಕಿನವರೆಗೆ, ವಯಸ್ಸಾದವರಿಗೆ 6,000ದವರೆಗೆ, ಮಕ್ಕಳಿಗೆ 2,000ದವರೆಗೆ ಅದೇ ದರ. ಅದನ್ನು ಮೀರಿದ್ದಕ್ಕೆ ಎರಡಕ್ಕೊಂದು.

ಈ ದರ ಬೇಕೆಂದು ಹಟ ಹಿಡಿದವರು ಜನರೇ. ಮಾರ್ಕು ನಮ್ಮಲ್ಲಿಗೆ ಬಾರದಿದ್ದರೆ ನಾವೇ ಅದಿರುವಲ್ಲಿಗೆ ಹೋಗುತ್ತೇವೆ ಎಂದು ಮೆರವಣಿಗೆಗಳಲ್ಲಿ ಕೂಗಿದ್ದರು. ಬರಿಯ ಬೆದರಿಕೆಯಲ್ಲ, ದಿನವೂ ಜನ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೊರಡುತ್ತಲೇ ಇದ್ದರು. ಪಶ್ಚಿಮದ ಕೇಂದ್ರ ಬ್ಯಾಂಕು ಎರಡಕ್ಕೊಂದು ಸಾಕು ಎಂದಿತ್ತು. ಚಾನ್ಸಲರ್ ಹೆಲ್ಮುಟ್ ಕೋಲ್ ಕೇಳಲಿಲ್ಲ. ಅವರನ್ನು ದೂರುವುದು ಈಗ ಸುಲಭ. ಆದರೆ ಮೊದಲೇ ತೆಳ್ಳಗಿದ್ದ ಸಂಬಳವನ್ನು ಅರ್ಧ ಮಾಡಿ ಕೊಟ್ಟಿದ್ದರೆ ಯಾರು ತಾನೇ ಊರಲ್ಲಿ ಉಳಿಯುತ್ತಿದ್ದರು?

ಪೆಟ್ಟು ಬಿದ್ದದ್ದು ಕಾರ್ಖಾನೆಗಳಿಗೆ. ಜೂನ್ 30ರವರೆಗೆ ಅಗ್ಗದ ಮಾರ್ಕಿನಲ್ಲಿ ಕೊಡುತ್ತಿದ್ದ ಸಂಬಳವನ್ನು ಮರುದಿನದಿಂದ ಗಟ್ಟಿ ಮಾರ್ಕಿನಲ್ಲಿ ಕೊಡಬೇಕು. ಸರಕು ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೆರಿಗಳ ಬಳಿ ಅಷ್ಟು ಗಟ್ಟಿ ದುಡ್ಡಿಲ್ಲ. ಇತ್ತ ಮನೆಯ ಗಿರಾಕಿಗಳೂ, ಅಂದರೆ ಅದೇ ಕಾರ್ಖಾನೆಗಳಲ್ಲಿ ದುಡಿಯುವವರೂ, ಹೊಸ ನೋಟು ಕೈಗೆ ಬಂದದ್ದೇ ತಡ, ಪಶ್ಚಿಮದ ಸಾಮಾನನ್ನೇ ಕೊಂಡರು. ಟ್ರಾಬಾಂಟ್ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೇಲೆ ಕಾಯುತ್ತಿದ್ದ ದೇಶ ಅದು. ಬಜಾಜ್ ಸ್ಕೂಟರಿಗೆ ಕಾದ ನಮ್ಮ ಹಿರಿಯರಿಗೆ ಆ ಕಾಯುವಿಕೆ ಗೊತ್ತು. ಈಗ ಆ ಕಾರನ್ನು ಕೇಳುವವರೇ ಇಲ್ಲ. 1991ರ ಏಪ್ರಿಲ್ 30ರಂದು ತ್ಸ್ವಿಕಾವ್ ಊರಿನಲ್ಲಿ ಅದರ ತಯಾರಿಕೆಯೇ ನಿಂತಿತು.

ಸರ್ಕಾರಿ ಉದ್ಯಮಗಳನ್ನು ಮಾರುವ ಹೊಣೆ ಟ್ರಾಯ್‌ಹಾಂಡ್ ಎಂಬ ಸಂಸ್ಥೆಯದ್ದು. ಅದರ ಕೈಗೆ ಬಂದದ್ದು ಸುಮಾರು 8,500 ಉದ್ಯಮಗಳು, ಅವುಗಳಲ್ಲಿ ದುಡಿಯುತ್ತಿದ್ದ ಸುಮಾರು 40 ಲಕ್ಷ ಜನ. 1994ರ ಕೊನೆಗೆ ಅದು ಬಾಗಿಲು ಹಾಕುವ ಹೊತ್ತಿಗೆ ಮಾರಾಟ ಹೆಚ್ಚುಕಡಿಮೆ ಮುಗಿದಿತ್ತು. ಕೊಂಡವರಲ್ಲಿ ಬಹುಪಾಲು ಪಶ್ಚಿಮದವರು. ಸಂಸ್ಥೆಯ ಮುಖ್ಯಸ್ಥ ರೋವೆಡರ್ ಅವರನ್ನು 1991ರಲ್ಲಿ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಥುರಿಂಗಿಯಾದ ಬಿಷೊಫೆರೋಡ ಊರಿನ ಪೊಟ್ಯಾಷ್ ಗಣಿಯ ಕೆಲಸಗಾರರು 1993ರ ಬೇಸಿಗೆಯಲ್ಲಿ ಉಪವಾಸ ಕೂತರು. ದೇಶವೆಲ್ಲ ನೋಡಿತು. ವರ್ಷದ ಕೊನೆಗೆ ಗಣಿ ಮುಚ್ಚಿತು.

ಅಲ್ಲಿ ಕಾರ್ಖಾನೆಯೆಂದರೆ ಬರೀ ಸಂಬಳವಾಗಿರಲಿಲ್ಲ. ಕೂಸನ್ನು ಬಿಡುವ ಶಿಶುವಿಹಾರ, ವೈದ್ಯರು, ಮಧ್ಯಾಹ್ನದ ಊಟ, ರಜೆಗೆ ಹೋಗುವ ಸಮುದ್ರತೀರದ ವಿಶ್ರಾಂತಿಗೃಹ, ಎಷ್ಟೋ ಕಡೆ ಇವೆಲ್ಲ ಅದರ ಬೆನ್ನಿಗೇ ಅಂಟಿಕೊಂಡಿದ್ದವು. ದುಡಿಯುವ ವಯಸ್ಸಿನ ಹತ್ತು ಹೆಂಗಸರಲ್ಲಿ ಹತ್ತಿರಹತ್ತಿರ ಒಂಬತ್ತು ಮಂದಿ ಕೆಲಸದಲ್ಲೋ ಓದಿನಲ್ಲೋ ಇದ್ದರು. ಪಶ್ಚಿಮದಲ್ಲಿ ಮಗುವಾದ ಮೇಲೆ ಮನೆಯಲ್ಲಿ ಉಳಿಯುವುದು ವಾಡಿಕೆ. ಗೇಟು ಮುಚ್ಚಿದಾಗ ಇವರ ಕೆಲಸವೂ ಹೋಯಿತು, ಇನ್ನೊಂದು ಕೆಲಸ ಹುಡುಕಲು ಬೇಕಾದ ಶಿಶುವಿಹಾರವೂ ಹೋಯಿತು.

ಅವರು ಕೊಟ್ಟ ಉತ್ತರ ಜನನದ ಲೆಕ್ಕದಲ್ಲಿದೆ. 1989ರಲ್ಲಿ ಪೂರ್ವದಲ್ಲಿ ಹುಟ್ಟಿದ ಮಕ್ಕಳು ಸುಮಾರು 1,99,000. 1994ರಲ್ಲಿ ಸುಮಾರು 79,000. ಯುದ್ಧವಿಲ್ಲ, ಬರವಿಲ್ಲ, ಅಂಗಡಿಗಳಲ್ಲಿ ಹಿಂದೆಂದೂ ಇಲ್ಲದಷ್ಟು ಸಾಮಾನು. ಆದರೂ ಐದೇ ವರ್ಷದಲ್ಲಿ ಅರ್ಧಕ್ಕೂ ಕೆಳಗೆ ಇಳಿಯಿತು. ಈ ಒಂದು ಅಂಕಿ ನನ್ನನ್ನು ಯಾವ ಭಾಷಣಕ್ಕಿಂತಲೂ ಹೆಚ್ಚು ಹಿಡಿದು ನಿಲ್ಲಿಸಿದೆ. ಹುಟ್ಟದ ಆ ಮಕ್ಕಳ ಖಾಲಿ ಜಾಗ ಕೆಲವೇ ವರ್ಷಗಳಲ್ಲಿ ಶಾಲೆಗಳಿಗೆ ತಲುಪಿತು, ಶಾಲೆಗಳು ಒಂದೊಂದಾಗಿ ಮುಚ್ಚಿದವು. ಹದಿಹರೆಯ ದಾಟಿದ ಹುಡುಗಿಯರಂತೂ ಹುಡುಗರಿಗಿಂತ ಮುಂಚೆಯೇ ಪಶ್ಚಿಮದ ರೈಲು ಹತ್ತಿದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸುಳ್ಳಾದೀತು. ಫೋನಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದವರಿಗೆ ಫೋನು ಬಂತು. ಬಿಟರ್‌ಫೆಲ್ಡಿನಂಥ ರಾಸಾಯನಿಕ ಪಟ್ಟಣದಲ್ಲಿ ಮತ್ತೆ ಉಸಿರಾಡುವಂತಾಯಿತು. ಪೂರ್ವದವರ ಆಯುಸ್ಸು ಏರಿತು. ಹೆಂಗಸರ ಮಟ್ಟಿಗೆ ಪಶ್ಚಿಮದ ಜೊತೆಗಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. 1992ರ ಜನವರಿಯಿಂದ ಗುಪ್ತಪೊಲೀಸರು ತಮ್ಮ ಬಗ್ಗೆ ಬರೆದಿಟ್ಟ ಕಡತವನ್ನು ಯಾರು ಬೇಕಾದರೂ ಕೇಳಿ ಓದಬಹುದಾಯಿತು. ಓದಿದವರಲ್ಲಿ ಒಬ್ಬ ಹೋರಾಟಗಾರ್ತಿಗೆ ತನ್ನ ಮೇಲೆ ವರದಿ ಕೊಡುತ್ತಿದ್ದವನು ಸ್ವಂತ ಗಂಡನೇ ಎಂದು ತಿಳಿಯಿತು. ಅದನ್ನೂ ತಿಳಿಯುವ ಹಕ್ಕು ಸಿಕ್ಕಿತ್ತು ಎನ್ನಬೇಕು.

ಮತ್ತೆ ಮನೆಗಳ ತಕರಾರು. ಹಳೆಯ ಮಾಲೀಕರಿಗೆ ಪರಿಹಾರಕ್ಕಿಂತ ಮೊದಲು ಆಸ್ತಿಯನ್ನೇ ಹಿಂದಿರುಗಿಸಬೇಕೆಂಬ ನಿಯಮ ಬಂದು, 20 ಲಕ್ಷಕ್ಕೂ ಮೀರಿ ಹಕ್ಕುದಾವೆಗಳು ಬಿದ್ದವು. ದಶಕಗಳಿಂದ ಹೂದೋಟ ಬೆಳೆಸಿಕೊಂಡಿದ್ದವರ ಗೇಟಿನ ಮುಂದೆ ಪಶ್ಚಿಮದ ನಂಬರ್‌ಪ್ಲೇಟಿನ ಕಾರು ನಿಲ್ಲುವುದು ಆ ವರ್ಷಗಳ ದೊಡ್ಡ ದಿಗಿಲು.

ಪಶ್ಚಿಮದವರಿಗೆ ಏನು ಬದಲಾಯಿತು? ಏಕೀಕರಣದ ಹೆಸರಿನಲ್ಲಿ ತೆರಿಗೆಯ ಮೇಲೊಂದು ತೆರಿಗೆ ಬಂತು. ಅದನ್ನು ಪೂರ್ವದವರೂ ಕಟ್ಟುತ್ತಿದ್ದರೆಂಬುದು ಅನೇಕರಿಗೆ ಮರೆತೇಹೋಗಿದೆ. ಇನ್ನು 1993ರ ಜುಲೈ 1ರಂದು ಇಡೀ ದೇಶಕ್ಕೆ ಐದಂಕಿಯ ಹೊಸ ಪಿನ್‌ಕೋಡ್ ಬಂತು. ಮ್ಯೂನಿಕ್‌ನಲ್ಲಿ ಬೆಳಿಗ್ಗೆ ಎದ್ದು ಅದೇ ಕಂಪನಿಗೆ ಹೋಗಿ ಬರುವವನ ಮನೆಬಾಗಿಲಿಗೆ ಏಕೀಕರಣ ತಲುಪಿದ್ದು ಬಹುಪಾಲು ಅಷ್ಟೇ. ಪೂರ್ವದವಳು ಊರು ಬಿಟ್ಟು ಕದಲದಿದ್ದರೂ ವಿಮೆ, ಬಾಡಿಗೆ ಕರಾರು, ನಿರುದ್ಯೋಗ ಕಚೇರಿಯ ಅರ್ಜಿ, ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು.

ಸಂಬಳದ ಅಂತರ ಇನ್ನೂ ಪೂರ್ತಿ ಮುಚ್ಚಿಲ್ಲ. ಪಿಂಚಣಿಯಲ್ಲಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಲೆಕ್ಕದ ಅಂಕಿ ಬಹಳ ಕಾಲ ನಡೆಯಿತು. ಅವೆರಡೂ ಸಮವಾದದ್ದು 2023ರಲ್ಲಿ, ಅದೂ ಜುಲೈ 1ಕ್ಕೇ. ಅಲೆಕ್ಸಾಂಡರ್ ಚೌಕದ ಆ ರಾತ್ರಿ 32 ವರ್ಷದವಳಾಗಿದ್ದ ಹೆಂಗಸಿಗೆ ಆಗ 65.