ಹಿಂದಿನ ಗಾಲಿ, ಮುಂದಿನ ಗಾಲಿ

‘ಗಾಡಿ ಅಂದ್ರ ಅಂಬಾಸಿಡರ್ ನೋಡ್ರಿ, ಈಗಿನವೆಲ್ಲಾ ಬರೇ ತಗಡು.’ ಹುಬ್ಬಳ್ಳಿ-ಧಾರವಾಡದಾಗ ಹಿರಿಯರ ಮುಂದೆ ಕಾರಿನ ವಿಷಯ ತೆಗೆದರೆ ಈ ಮಾತು ಬಂದೇ ಬರುತ್ತದೆ. ಅಮೆರಿಕದವರಿಗೆ ಮಸಲ್ ಕಾರ್ ಹೇಗೋ, ನಮಗೆ ಅಂಬಾಸಿಡರ್ ಹಾಗೆ. ಈ ಮಾತು ಎಷ್ಟು ಖರೆ?

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಹೆಸರಲ್ಲಿ ತಯಾರಿಸತೊಡಗಿತು. ಬಹುಕಾಲ ಅದರಲ್ಲಿದ್ದದ್ದು 1489 ಸಿಸಿ ಎಂಜಿನ್. ಎಂಜಿನ್ ಮುಂದೆ, ಎಳೆಯುವ ಗಾಲಿ ಹಿಂದೆ. ನಡುವೆ ಕಾರಿನ ತಳದಲ್ಲಿ ಉದ್ದನೆಯ ಶಾಫ್ಟ್. 1983ರ ಡಿಸೆಂಬರ್ 14ರಂದು ಬಂದ ಮಾರುತಿ 800ರಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಡ್ಡ ಕೂತಿತ್ತು, ಮುಂದಿನ ಗಾಲಿಯನ್ನೇ ತಿರುಗಿಸುತ್ತಿತ್ತು. ಶಾಫ್ಟ್ ಹೋಯಿತು, ತೂಕವೂ ಇಳಿಯಿತು.

ಅಂಬಾಸಿಡರ್ ಶಕ್ತಿ ಸುಮಾರು 50 ಎಚ್‌ಪಿ, ತೂಕ 1,100 ಕೆಜಿಗಿಂತ ಹೆಚ್ಚು. ಮಾರುತಿಯದು 40ರ ಒಳಗೆ, ಆದರೆ ತೂಕ ಬರೀ 650ರ ಆಸುಪಾಸು. ಒಂದೊಂದು ಕೆಜಿಗೆ ಸಿಗುವ ಶಕ್ತಿ ಲೆಕ್ಕ ಹಾಕಿದರೆ ‘ತಗಡೇ’ ಪೈಲ್ವಾನ!

ಹಾಗಂತ ಹಿರಿಯರು ಸುಳ್ಳು ಹೇಳಿಲ್ಲ. ಮದುವೆಗೆ ಎಂಟು ಮಂದಿಯನ್ನ ತುಂಬಿಕೊಂಡು ಅರಬೈಲ್ ಘಟ್ಟ ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ. ಆಗ ಹಿಂದಿನ ಗಾಲಿಗೆ ಹಿಡಿತ ಹೆಚ್ಚು, ಮುಂದಿನದು ಜಾರುತ್ತದೆ. ಖಾಲಿ ಗಾಡಿ ಎರಿಮಣ್ಣಿನ ರಾಡಿಗೆ ಇಳಿದರೆ ಕಥೆ ಉಲ್ಟಾ: ಎಂಜಿನ್ನಿನ ಭಾರ ಮೇಲೇ ಕೂತಿರುವುದರಿಂದ ಮುಂದಿನ ಗಾಲಿಗೇ ಹಿಡಿತ. ಅಂದ್ರೆ ಒಂದು ಇಡೀ ಬಳಗಕ್ಕೆ ಹೊಂದುವ ಗಾಡಿ, ಇನ್ನೊಂದು ಗಂಡ-ಹೆಂಡತಿ, ಎರಡು ಮಕ್ಕಳ ಮನೆಗೆ. ಗಾಲಿಯ ಜೊತೆ ಮನೆಯೂ ಬದಲಾಗಿತ್ತು.

ಮಜಾ ಏನಪಾ ಅಂದ್ರೆ, ಮುಂದಿನ ಗಾಲಿಯ ಈ ವಿದ್ಯೆ ಅಂಬಾಸಿಡರ್ ತವರುಮನೆಯಲ್ಲೇ ಇತ್ತು. ಮಾರಿಸ್ ಆಕ್ಸ್‌ಫರ್ಡ್ ಮಾಡುತ್ತಿದ್ದ ಬಿಎಂಸಿ ಕಂಪನಿಯೇ 1959ರಲ್ಲಿ ಎಂಜಿನ್ ಅಡ್ಡ ಕೂರಿಸಿ ಮಿನಿ ಕಾರು ತಂದಿತ್ತು. ಅದೇ ಜೋಡಣೆ ನಮ್ಮ ರಸ್ತೆಗೆ ಮಾರುತಿಯ ರೂಪದಲ್ಲಿ ಬರಲು 24 ವರ್ಷ ಬೇಕಾಯಿತು. ಲೈಸೆನ್ಸ್ ರಾಜ್ಯದಲ್ಲಿ ಕಾರು ಮಾಡುವವರೇ ಎರಡು-ಮೂರು ಕಂಪನಿ; ಕೊಳ್ಳುವವರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಳಕೆದಾರರಿಗೆ ಬೇರೆ ದಾರಿ ಇಲ್ಲದಿದ್ದರೆ ಹೊಸ ವರ್ಷನ್ ಯಾರು ಬರೀತಾರ್ರಿ?

2014ರ ಜನವರಿಯಲ್ಲಿ ಮಾರುತಿ 800, ಮೇನಲ್ಲಿ ಅಂಬಾಸಿಡರ್ ತಯಾರಿಕೆ ನಿಂತವು. ಅಂಬಾಸಿಡರ್ ಗಟ್ಟಿ ಇತ್ತು, ಖರೆ. ಆದರೆ ಅದು ಅಷ್ಟು ವರ್ಷ ಬದಲಾಗದೇ ಉಳಿದದ್ದು ಗಟ್ಟಿತನದಿಂದಲ್ಲ, ಎದುರಿಗೆ ಯಾರೂ ಇಲ್ಲದ್ದರಿಂದ.