ಮುಚ್ಚಿದ ಬಂದರು, ತೆರೆದ ಸಮುದ್ರ: ಮಸ್ಕತ್‌ಗೆ ಹೋದ ಕಾಗದಗಳ ಕಥೆ

ಮುಳ್ಳೂರಿನ ಹೊಲಗಳ ಪಕ್ಕದಲ್ಲಿ ಹರಿಯುವ ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಬಂದ ಹೊಳೆ. ತಿರುಮಕೂಡಲಿನಲ್ಲಿ ಕಬಿನಿಯನ್ನು ಕೂಡಿಕೊಂಡು ನಮ್ಮ ಕೊಳ್ಳೇಗಾಲದ ಸೀಮೆಗೆ ಬರುತ್ತದೆ; ಶಿವನಸಮುದ್ರದಲ್ಲಿ ಧುಮುಕಿ, ತಮಿಳುನಾಡನ್ನು ಹಾದು ಕಡಲು ಸೇರುತ್ತದೆ. ಪವಿತ್ರ ಕುರ್‌ಆನ್‌ನ ಸೂರಾ ಫಾತಿರ್‌ನಲ್ಲಿ (35:12) ಅಲ್ಲಾಹನು ಸಿಹಿನೀರು ಮತ್ತು ಉಪ್ಪುನೀರನ್ನು ಜೊತೆಯಲ್ಲಿಟ್ಟು ನೆನಪಿಸುತ್ತಾನೆ. ಅವೆರಡೂ ಸಮಾನವಲ್ಲ, ಆದರೂ ಎರಡರಿಂದಲೂ ನಮಗೆ ತಾಜಾ ಆಹಾರವಿದೆ, ತೊಡುವ ಆಭರಣವಿದೆ, ಹಡಗುಗಳು ಸಾಗುವ ದಾರಿಯಿದೆ. ಇವೆಲ್ಲವೂ ಆತನ ಅನುಗ್ರಹವನ್ನು ಅರಸುವುದಕ್ಕೆ, ಕೃತಜ್ಞರಾಗುವುದಕ್ಕೆ.

ಆಹಾರ, ಆಭರಣ, ಹಡಗು. ಈ ಮೂರೂ ಒಟ್ಟಿಗೆ ಸೇರಿದ ಒಂದು ಚರಿತ್ರೆ ನಮ್ಮ ಹೊಳೆಯ ಮೇಲ್ಭಾಗದಲ್ಲೇ ನಡೆದಿದೆ. ಅದನ್ನು ನಾವು ಅರ್ಧ ಮಾತ್ರ ಓದಿದ್ದೇವೆ. ಉಳಿದರ್ಧವನ್ನು ಓದಲು ಯಾವ ಯಾವ ವಿದ್ಯೆ ಬೇಕು ಎಂಬುದೇ ಈ ಲೇಖನದ ವಿಷಯ.

ಹೈದರಲಿಯವರ ನಂತರ ಪಟ್ಟಕ್ಕೆ ಬಂದ ಟಿಪ್ಪು ಸುಲ್ತಾನರು ಅರಬ್ಬಿ ಸಮುದ್ರದ ಆಚೆಯ ಮಸ್ಕತ್‌ನಲ್ಲಿ ಒಂದು ವ್ಯಾಪಾರದ ಕೋಠಿ ಇಟ್ಟಿದ್ದರು. ಅಲ್ಲಿನ ದರೋಗ ಮೀರ್ ಕಾಝಿಂ. ಆತನಿಗೆ 1785-86ರ ಸುಮಾರಿನಲ್ಲಿ ಪಾರಸಿಯಲ್ಲಿ ಬರೆಸಿ ಕಳುಹಿಸಿದ ಕಾಗದಗಳಲ್ಲಿ ಅಕ್ಕಿ, ಗಂಧ, ಮೆಣಸುಗಳ ಮಾರಾಟದ ಲೆಕ್ಕದ ಜೊತೆಗೆ ವಿಚಿತ್ರವೆನಿಸುವ ಬೇಡಿಕೆಗಳೂ ಇವೆ: ಕೇಸರಿಯ ಬೀಜ ಕಳಿಸು, ರೇಷ್ಮೆ ಹುಳುವಿನ ಮೊಟ್ಟೆಯನ್ನೂ ಹುಳು ಸಾಕಲು ಬಲ್ಲವರನ್ನೂ ಕಳಿಸು, ಸಮುದ್ರಕ್ಕೆ ಮುಳುಗಿ ಮುತ್ತಿನ ಚಿಪ್ಪು ತೆಗೆಯುವವರನ್ನು ಹುಡುಕಿ ಕಳಿಸು. ಮೈಸೂರಿನ ಕರಾವಳಿಯಲ್ಲಿಯೂ ಮುತ್ತಿನ ಉದ್ಯಮ ಆರಂಭಿಸಬೇಕೆಂಬ ಆಸೆ ಅವರಿಗಿತ್ತು.

ಇದೇ ಕಾಲದಲ್ಲಿ ಅವರು ಇನ್ನೊಂದು ಕಡೆ ಬಾಗಿಲು ಮುಚ್ಚುತ್ತಿದ್ದರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದದಿಂದ ಎರಡನೆಯ ಯುದ್ಧ ಮುಗಿಯಿತು. ಮರುವರ್ಷ, 1785ರಲ್ಲಿ, ತಮ್ಮ ರಾಜ್ಯದ ಬಂದರುಗಳಿಂದ ಗಂಧ, ಮೆಣಸು, ಏಲಕ್ಕಿ ಹೊರಹೋಗುವುದನ್ನು ಸುಲ್ತಾನರು ತಡೆದರು; ಈಸ್ಟ್ ಇಂಡಿಯಾ ಕಂಪೆನಿಯೊಡನೆ ವ್ಯಾಪಾರ ಮಾಡಬಾರದೆಂದು ಸ್ಥಳೀಯ ವರ್ತಕರಿಗೆ ಕಟ್ಟಪ್ಪಣೆ ಮಾಡಿದರು. ಇಂದಿನ ಭಾಷೆಯಲ್ಲಿ ಇದು ಆರ್ಥಿಕ ನಿರ್ಬಂಧ. ವ್ಯಾಪಾರದ ಲಾಭದಿಂದಲೇ ಫೌಜು ಕಟ್ಟುತ್ತಿದ್ದ ಕಂಪೆನಿಯ ಬೇರಿಗೇ ಪೆಟ್ಟು ಕೊಡುವ ಯೋಚನೆ ಅದು.

ನಿರ್ಬಂಧದ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆ? ಮೊದಲು ನೆನಪಾಗುವುದು ಮಕ್ಕಾದ ಬಹಿಷ್ಕಾರ. ಪ್ರವಾದಿತ್ವದ ಏಳನೆಯ ವರ್ಷದಿಂದ ಸುಮಾರು ಮೂರು ವರ್ಷ ಖುರೈಷರು ಬನೂ ಹಾಶಿಮ್ ಮನೆತನದೊಡನೆ ಕೊಡುಕೊಳ್ಳುವಿಕೆಯನ್ನೂ ಮದುವೆ ಸಂಬಂಧವನ್ನೂ ನಿಲ್ಲಿಸಿದರು. ಅದನ್ನು ಪತ್ರದಲ್ಲಿ ಬರೆದು ಕಅಬಾದೊಳಗೆ ತೂಗುಹಾಕಿದರು. ಅಬೂತಾಲಿಬರ ಕಣಿವೆಯಲ್ಲಿ ಪ್ರವಾದಿ ಮುಹಮ್ಮದ್(ಸ)ರೂ ಅವರ ಬಂಧುಗಳೂ ಹಸಿವಿನಿಂದ ಬೆಂದರು. ಅಂದು ರಾತ್ರಿ ಹೊತ್ತು ಒಂಟೆಯ ಮೇಲೆ ಧಾನ್ಯ ಹೇರಿ ಕಣಿವೆಯೊಳಗೆ ಅಟ್ಟುತ್ತಿದ್ದವನು ಹಿಶಾಮ್ ಬಿನ್ ಅಮ್ರ್. ಆಗ ಆತ ಇನ್ನೂ ಮುಸ್ಲಿಮನಾಗಿರಲಿಲ್ಲ. ಕೊನೆಗೆ ಆ ಪತ್ರವನ್ನು ರದ್ದು ಮಾಡಿಸಲು ಮುಂದೆ ಬಂದವರಲ್ಲಿಯೂ ಆತನಿದ್ದ.

ಎರಡನೆಯದು ಯಮಾಮಾದ ಮುಖಂಡ ಸುಮಾಮ ಬಿನ್ ಉಸಾಲ್(ರ)ರ ಘಟನೆ. ಸೆರೆಯಾಳಾಗಿ ಬಂದು ಮದೀನಾದ ಮಸೀದಿಯ ಕಂಬಕ್ಕೆ ಕಟ್ಟಲ್ಪಟ್ಟಿದ್ದ ಅವರನ್ನು ಪ್ರವಾದಿ(ಸ)ರು ಬಿಡುಗಡೆ ಮಾಡಿಸಿದರು. ಅವರು ಇಸ್ಲಾಮ್ ಸ್ವೀಕರಿಸಿದರು. ಬಳಿಕ ಮಕ್ಕಾಕ್ಕೆ ಹೋಗಿ, ಪ್ರವಾದಿಯವರ ಅಪ್ಪಣೆಯಿಲ್ಲದೆ ಯಮಾಮಾದಿಂದ ಒಂದು ಕಾಳು ಗೋಧಿಯೂ ನಿಮಗೆ ಬರದು ಎಂದು ಸಾರಿದರು. ಇಷ್ಟು ಸಹೀಹ್ ಬುಖಾರಿಯಲ್ಲಿದೆ. ಮುಂದಿನದನ್ನು ಇಬ್ನ್ ಹಿಶಾಮರ ಸೀರಾ ತಿಳಿಸುತ್ತದೆ: ಹಸಿವು ತಡೆಯಲಾರದೆ ಖುರೈಷರು ರಕ್ತಸಂಬಂಧವನ್ನು ನೆನಪಿಸಿ ಪ್ರವಾದಿಯವರಿಗೆ ಬರೆದರು. ಆಗ ಅವರು ಧಾನ್ಯವನ್ನು ಬಿಟ್ಟುಕೊಡುವಂತೆ ಸುಮಾಮರಿಗೆ ಕಾಗದ ಕಳುಹಿಸಿದರು. ತಮ್ಮನ್ನು ಮೂರು ವರ್ಷ ಹಸಿವಿನಲ್ಲಿ ಕೆಡವಿದವರ ಹೊಟ್ಟೆಗೆ ಅವರು ಗೋಧಿ ಕಳಿಸಿದರು. ವೈರಿಯ ಬಲವನ್ನು ಮುರಿಯುವುದು ಬೇರೆ, ವೈರಿಯ ಮನೆಯ ಮಗುವಿನ ತುತ್ತು ಕಸಿಯುವುದು ಬೇರೆ ಎಂಬ ಗೆರೆಯನ್ನು ಆ ಕಾಗದ ಎಳೆಯಿತು.

ಲೋಕದ ಕಾನೂನು ಈ ಗೆರೆಯ ಹತ್ತಿರ ಬರಲು ಬಹಳ ಕಾಲ ಹಿಡಿಯಿತು. 1945ರ ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿ ಭದ್ರತಾ ಮಂಡಳಿಗೆ ಆರ್ಥಿಕ ಸಂಬಂಧ ಕಡಿಯುವ ಅಧಿಕಾರ ಕೊಟ್ಟಿತು. 1949ರ ನಾಲ್ಕನೇ ಜಿನೀವಾ ಒಪ್ಪಂದದ 23ನೇ ವಿಧಿ ಯುದ್ಧಕಾಲದಲ್ಲಿಯೂ ನಾಗರಿಕರಿಗೆ ಔಷಧವನ್ನೂ, ಮಕ್ಕಳಿಗೆ ಮತ್ತು ಬಸುರಿ ಬಾಣಂತಿಯರಿಗೆ ಅಗತ್ಯ ಆಹಾರವನ್ನೂ ಬಿಟ್ಟುಕೊಡಬೇಕೆಂದಿತು. ಆದರೂ 1990ರ ಆಗಸ್ಟ್ 6ರಂದು 661ನೇ ನಿರ್ಣಯದ ಮೂಲಕ ಇರಾಕಿನ ಮೇಲೆ ಬಿದ್ದ ದಿಗ್ಬಂಧನದಲ್ಲಿ ಔಷಧ ಮತ್ತು ಆಹಾರಕ್ಕೆ ವಿನಾಯಿತಿ ಕಾಗದದ ಮೇಲಿದ್ದರೂ ಜನ ನರಳಿದರು. ತೈಲ ಮಾರಿ ಆಹಾರ ತರಿಸುವ ಯೋಜನೆಗೆ 1995ರಲ್ಲಿ ಒಪ್ಪಿಗೆ ಸಿಕ್ಕರೂ ಅದರಡಿ ಮೊದಲ ಆಹಾರ ತಲುಪಿದ್ದು 1997ರಲ್ಲಿ. 2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯ 2664ನೇ ನಿರ್ಣಯವು ಆಸ್ತಿ ಮುಟ್ಟುಗೋಲಿನ ಎಲ್ಲ ನಿರ್ಬಂಧಗಳಲ್ಲೂ ಮಾನವೀಯ ನೆರವಿಗೆ ದಾರಿ ಬಿಡಬೇಕೆಂದು ಹೇಳಿತು. ಇದು ದೂರದ ಮಾತಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಘಟಕ ಇರಾನಿನ ತೈಲದ ದೊಡ್ಡ ಗ್ರಾಹಕನಾಗಿತ್ತು. ಅಮೆರಿಕ ತಾನೊಂದೇ ಹೇರಿದ ನಿರ್ಬಂಧಕ್ಕೆ ಕೊಟ್ಟಿದ್ದ ವಿನಾಯಿತಿ 2019ರ ಮೇ ತಿಂಗಳಲ್ಲಿ ಮುಗಿದ ಮೇಲೆ ಆ ತೈಲ ಬರುವುದು ನಿಂತಿತು.

ಈ ಅಳತೆಗೋಲನ್ನು ನಾವು ಸುಲ್ತಾನರ ನಿರ್ಬಂಧಕ್ಕೂ ಹಿಡಿಯಬೇಕು, ನಮ್ಮವರೆಂದು ಬಿಟ್ಟುಬಿಡಬಾರದು. ಅವರು ತಡೆದದ್ದು ಗಂಧ, ಮೆಣಸು, ಏಲಕ್ಕಿಯಂಥ ಲಾಭದ ಸರಕನ್ನು. ಬೆಳೆಯಿಲ್ಲದ ಮಸ್ಕತ್‌ಗೆ ಮಂಗಳೂರಿನ ಅಕ್ಕಿ ಹೋಗುತ್ತಲೇ ಇತ್ತು. ಇಷ್ಟರ ಮಟ್ಟಿಗೆ ಅದು ಹೊಟ್ಟೆಯ ಮೇಲೆ ಹೊಡೆದ ನಿರ್ಬಂಧವಲ್ಲ. ಆದರೆ ಅದರ ಭಾರ ಕಂಪೆನಿಯ ಮೇಲಷ್ಟೇ ಬೀಳಲಿಲ್ಲ. ಮಲಬಾರಿನ ಮೆಣಸು ಬೆಳೆಗಾರರೂ ವರ್ತಕರೂ, ಅವರಲ್ಲಿ ಮಾಪಿಳ್ಳೆ ವ್ಯಾಪಾರಿಗಳೂ, ಕೊಳ್ಳುವವರನ್ನು ಕಳೆದುಕೊಂಡರು. ಇನ್ನೊಂದು ಪ್ರಶ್ನೆಯೂ ಇದೆ. ಹೈದರಲಿಯವರ ಕಾಲದ ವ್ಯಾಪಾರ ಸೌಲಭ್ಯಗಳನ್ನು ಇಂಗ್ಲಿಷರಿಗೆ ಮುಂದುವರಿಸುವ ಮಾತು ಮಂಗಳೂರು ಒಪ್ಪಂದದಲ್ಲಿತ್ತು. ಕರಾರು ಪಾಲಿಸಿರಿ ಎಂಬುದು ಸೂರಾ ಮಾಇದಾದ ಮೊದಲ ಆದೇಶ. ಕಂಪೆನಿಯ ನಡತೆ ಒಪ್ಪಂದವನ್ನು ಮೊದಲೇ ಸಡಿಲಿಸಿತ್ತೇ, ಇಲ್ಲ ಸುಲ್ತಾನರೇ ಮೀರಿದರೇ? ಇದಕ್ಕೆ ಅಭಿಮಾನ ಉತ್ತರ ಕೊಡದು, ದ್ವೇಷವೂ ಕೊಡದು. ಫಿಖ್ಹ್ ಮತ್ತು ಅಂತಾರಾಷ್ಟ್ರೀಯ ಕಾನೂನು ಎರಡನ್ನೂ ಓದಿದವರು ದಾಖಲೆ ಮುಂದಿಟ್ಟು ಹೇಳಬೇಕು.

ಇನ್ನು ಮುತ್ತಿನ ಮಾತು. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತದೆ ಎಂದು ನಮ್ಮ ನಾಡಿನಲ್ಲಿ ನಂಬಿದ್ದರು. ಮಳೆಹನಿಯ ಈ ಕಥೆ ಅರಬರಲ್ಲಿಯೂ ಇತ್ತು. ಸಾವಿರ ವರ್ಷದ ಹಿಂದೆಯೇ ಅಲ್‌ಬೀರೂನಿ ರತ್ನಗಳ ಕುರಿತ ತಮ್ಮ ಗ್ರಂಥದಲ್ಲಿ ಮುತ್ತಿನ ಬಗೆಗೂ ಮುಳುಗುವವರ ಬಗೆಗೂ ವಿಸ್ತಾರವಾಗಿ ಬರೆದಿದ್ದರು. ಚಿಪ್ಪಿನೊಳಗಿನ ಜೀವಿಯ ಮೈಹೊದಿಕೆಯ ಕಣಗಳು ತಪ್ಪಿದ ಜಾಗಕ್ಕೆ ಸೇರಿದಾಗ ಅದರ ಸುತ್ತ ಹೊಳಪಿನ ಪದರಗಳು ಒಂದರ ಮೇಲೊಂದು ಕೂಡಿ ಮುತ್ತಾಗುತ್ತದೆ ಎಂಬುದನ್ನು ಈಗ ಸಮುದ್ರ ಜೀವಶಾಸ್ತ್ರ ತಿಳಿಸಿಕೊಟ್ಟಿದೆ.

ಹಾಗಾದರೆ ಸುಲ್ತಾನರ ಮುತ್ತಿನ ಉದ್ಯಮ ನಮ್ಮ ಕರಾವಳಿಯಲ್ಲಿ ಏಕೆ ಬೇರೂರಲಿಲ್ಲ? ಚರಿತ್ರೆಯ ಪುಸ್ತಕ ಯುದ್ಧವನ್ನು ಕಾರಣವಾಗಿ ಹೇಳೀತು. ಜೀವಶಾಸ್ತ್ರ ಇನ್ನೊಂದನ್ನು ತೋರಿಸುತ್ತದೆ. ಮುತ್ತಿನ ಚಿಪ್ಪು ಅಂಟಿ ನಿಲ್ಲಲು ಕಲ್ಲಿನ ಇಲ್ಲವೇ ಹವಳದ ಗಟ್ಟಿ ತಳ ಬೇಕು, ನೀರಿನ ಉಪ್ಪು ಏರುಪೇರಾಗಬಾರದು. ಕೊಲ್ಲಿಯ ಸಮುದ್ರದಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಅಂಥ ತಳವಿದೆ. ನಮ್ಮ ಕರಾವಳಿಗಾದರೋ ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಸಿಹಿನೀರನ್ನೂ ಕೆಸರನ್ನೂ ತಂದು ಸುರಿಯುತ್ತವೆ. ಮನ್ನಾರಿನಂಥ ದೊಡ್ಡ ಮುತ್ತಿನ ದಿಬ್ಬಗಳು ಇಲ್ಲಿಲ್ಲ. ಎಷ್ಟು ಜನ ಮುಳುಗುವವರು ಬಂದರೂ ಇಲ್ಲದ ಚಿಪ್ಪನ್ನು ತೆಗೆಯಲಾಗದು. ಭಾರತದಲ್ಲಿ ಕೃಷಿಯಿಂದ ಮುತ್ತು ಪಡೆದದ್ದು 1973ರಲ್ಲಿ, ತೂತ್ತುಕುಡಿಯ ಬಳಿ, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ದುಡಿಮೆಯಿಂದ. ಕೆರೆ, ಹೊಳೆಗಳ ಸಿಹಿನೀರಿನ ಚಿಪ್ಪಿನಿಂದಲೂ ಮುತ್ತು ಬೆಳೆಸುವ ವಿಧಾನವನ್ನು ಭುವನೇಶ್ವರದ ಸಂಶೋಧನಾ ಕೇಂದ್ರ ಕಲಿಸುತ್ತಿದೆ. ಸಿಹಿನೀರಿನಲ್ಲಿಯೂ ಉಪ್ಪುನೀರಿನಲ್ಲಿಯೂ ಆಭರಣವಿದೆ ಎಂಬ ವಚನವನ್ನು ಇದನ್ನು ಬಲ್ಲವರು ಓದುವ ರೀತಿಯೇ ಬೇರೆ.

ಮುತ್ತು ಬೇರೂರಲಿಲ್ಲ, ರೇಷ್ಮೆ ಬೇರೂರಿತು. ಮಸ್ಕತ್ ಕಡೆಗೆ ಬರೆದುದಲ್ಲದೆ, ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಸುಲ್ತಾನರು ಹುಳುಗಳಿಗಾಗಿ ಬಂಗಾಳಕ್ಕೆ ಕಳುಹಿಸಿದ್ದರು. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ, ಒಂದೇ ಕೆಲಸಕ್ಕೆ ಒಂದೇ ದಾರಿ. ಅವರು ಮರಳಿದಾಗ ಹುಳುಗಳನ್ನು ಹೇಗೆ ಇಡಬೇಕು, ಹಿಪ್ಪುನೇರಳೆ ಎಲ್ಲಿ ನೆಡಬೇಕು ಎಂದು 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಅಪ್ಪಣೆ ಹೋಯಿತು. 1799ರ ಮೇ 4ರಂದು ಕೋಟೆ ಬಿತ್ತು. ಆಮೇಲೆ ಕೊಳ್ಳೇಗಾಲ ಕಂಪೆನಿಯ ಕೈಸೇರಿ, 1956ರವರೆಗೆ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯ ಹೋಯಿತು, ಗಡಿ ಬದಲಾಯಿತು, ಹುಳು ಉಳಿಯಿತು. ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆಯೆಂದರೆ ಕೊಳ್ಳೇಗಾಲ ಎನ್ನುವಂತಾಯಿತು. ಇಂದು ನಮ್ಮ ಮನೆಗಳಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೈಗಳು ಆ ಕಾಗದಗಳ ಬದುಕಿರುವ ಉತ್ತರ.

ಆ ಕಾಗದಗಳೇನಾದವು? ಕೋಟೆ ಬಿದ್ದ ಮೇಲೆ ಸುಲ್ತಾನರ ದಫ್ತರವೂ ಗ್ರಂಥಭಂಡಾರವೂ ಕಂಪೆನಿಯ ವಶವಾದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಗ್ರಂಥಗಳ ಪಟ್ಟಿಯನ್ನು ಅಚ್ಚು ಹಾಕಿದರು. 1811ರಲ್ಲಿ ಕಂಪೆನಿಯ ಸೇನಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಆಯ್ದ ಕಾಗದಗಳನ್ನು ಇಂಗ್ಲಿಷಿಗೆ ತಂದು ಲಂಡನ್‌ನಲ್ಲಿ ಪ್ರಕಟಿಸಿದರು. ಸುಲ್ತಾನರನ್ನು ಕ್ರೂರಿಯೆಂದು ತೋರಿಸುವ ಉದ್ದೇಶವನ್ನು ಅವರು ಅಡಗಿಸಲಿಲ್ಲ. ಆದರೂ ಮೀರ್ ಕಾಝಿಂಗೆ ಹೋದ ಕಾಗದಗಳು ನಮಗೆ ತಿಳಿದದ್ದು ಅವರ ಪುಸ್ತಕದಿಂದಲೇ. ನಮ್ಮ ಮನೆಯ ಕಾಗದವನ್ನು ಎದುರಾಳಿ ಓದಿ ಹೇಳಿದ. ನಾವು ಕೆಲವರು ಅದನ್ನು ಬೈದೆವು, ಕೆಲವರು ನಂಬಿದೆವು, ಮೂಲವನ್ನು ಓದಲು ಕಲಿತವರು ತೀರಾ ಕಡಿಮೆ.

ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದಾಗ ಮನೆಗಳಲ್ಲಿ ಮೂರು ನಾಲ್ಕು ಹೆಸರುಗಳಷ್ಟೇ ಕೇಳಿಬರುತ್ತವೆ. ಮದ್ರಸಾದಲ್ಲಿ ಅರಬಿ ಕಲಿತ ಹುಡುಗ ಪಾರಸಿ ಕಲಿತು ದಫ್ತರದ ಬರಹ ಓದುವವನಾಗಬಹುದು. ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಕಾನೂನು ಓದಿ, ಹಸಿದವನಿಗೆ ಅನ್ನ ತಲುಪಿಸುವ ಒಂದು ಸಾಲನ್ನು ನಿರ್ಣಯದಲ್ಲಿ ಸೇರಿಸುವವಳಾಗಬಹುದು. 1969ರಿಂದ ನಡೆಯುತ್ತಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇನ್ನೊಬ್ಬರು ಕಡಲಿನ ಜೀವಿಗಳನ್ನು ಅರಿಯಬಹುದು. ಒಬ್ಬರ ಕೈಲಿ ಆಗದ ಕೆಲಸ ಮೂವರು ಒಟ್ಟಿಗೆ ಕುಳಿತರೆ ಆಗುತ್ತದೆ. ಇದೂ ಇಲ್ಮ್, ಇದಕ್ಕೂ ಪ್ರತಿಫಲವಿದೆ.

ಮುಂದಿನ ಮಳೆಗಾಲದಲ್ಲಿ ಮುಳ್ಳೂರಿನ ಬಳಿ ಹೊಳೆ ತುಂಬಿ ಹರಿಯುವಾಗ ಮಕ್ಕಳನ್ನು ದೂರದಲ್ಲೇ ನಿಲ್ಲಿಸಿ ಇಷ್ಟು ಹೇಳೋಣ: ಈ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದರ ದಡದ ಅರಮನೆಯಿಂದ ಯಾವ ಕಾಗದ ಕಡಲು ದಾಟಿ ಹೋಯಿತು. ಉಳಿದುದನ್ನು ಅವರೇ ಓದಿ ನಮಗೆ ಹೇಳಲಿ. ಪ್ರಯೋಜನವಾಗುವ ಜ್ಞಾನವನ್ನೂ, ವೈರಿಯ ಹಸಿವಿಗೂ ಕರಗುವ ಹೃದಯವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ದಯಪಾಲಿಸಲಿ. ಆಮೀನ್.