ದನಿ ತಂತಿ ಬಿಟ್ಟ ಕಥೆ



ಇಂದು ನಮ್ಮ ಸೆಂಟರ್‌ವಿಲ್‌ನಲ್ಲಿ ಯಾರಾದರೂ ಪುಟ್ಟದೊಂದು ಕಚೇರಿ ತೆರೆದರೆ ಫೋನಿಗೆಂದು ಗೋಡೆ ಕೊರೆಸುವುದಿಲ್ಲ. ಇಂಟರ್‌ನೆಟ್ ಇದ್ದು, ತಿಂಗಳ ಬಾಡಿಗೆ ಕಟ್ಟಿದರೆ ಸಾಕು. 703ರಿಂದ ಶುರುವಾಗುವ ನಂಬರಿಗೆ ಬಂದ ಕರೆಯನ್ನು ಬಸವನಗುಡಿಯಲ್ಲಿ ಕೂತವರೂ ಎತ್ತಬಹುದು. ನಾವು ಇದನ್ನು ‘ಅಗ್ಗದ ಫೋನು’ ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಉಳಿತಾಯ ಇದರ ಸಣ್ಣ ಲಾಭ. ನಂಬರಿಗೂ ಜಾಗಕ್ಕೂ ಇದ್ದ ಗಂಟು ಬಿಚ್ಚಿಕೊಂಡದ್ದು ದೊಡ್ಡ ಲಾಭ. ಆ ಗಂಟು ಎಷ್ಟು ಬಿಗಿಯಾಗಿತ್ತೆಂದು ತಿಳಿಯಲು ನಮ್ಮ ಬೆಂಗಳೂರಿನ ಕಡೆ ಒಮ್ಮೆ ನೋಡಬೇಕು.

ಭಾರತ ಸರ್ಕಾರದ ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ದೇಶಕ್ಕೆಲ್ಲ ಫೋನು ಮಾಡಿಕೊಟ್ಟ ಊರಿನ ಜನ ಮಾತ್ರ ಮನೆಗೊಂದು ಫೋನು ಬರಲು ವರ್ಷಗಟ್ಟಲೆ ಕಾದರು. ಇನ್ಫೋಸಿಸ್ ಆರಂಭಿಸಿದ ದಿನಗಳಲ್ಲಿ ಒಂದು ಟೆಲಿಫೋನ್ ಸಂಪರ್ಕ ಸಿಗಲು ವರ್ಷ ಹಿಡಿಯಿತೆಂದು ನಾರಾಯಣಮೂರ್ತಿಯವರು ಎಷ್ಟೋ ಸಲ ಹೇಳಿದ್ದಾರೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೆಲಸಕ್ಕೆ ಪ್ರತ್ಯೇಕ ಉಪಗ್ರಹ ಸಂಪರ್ಕವನ್ನೇ ಏರ್ಪಡಿಸಿಕೊಂಡಿತು. ಮರುವರ್ಷ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಆಮೇಲೆ ಊರೂರಿಗೆ ಎಸ್‌ಟಿಡಿ ಬೂತು ಬಂತು, ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು ತಪ್ಪಿತು.

ಹಳೆಯ ಪದ್ಧತಿಯಲ್ಲಿ ಕರೆ ಮುಗಿಯುವವರೆಗೂ ಎರಡು ತುದಿಗಳ ನಡುವೆ ಒಂದು ದಾರಿ ಮೀಸಲು. ಇಬ್ಬರೂ ಸುಮ್ಮನಿದ್ದರೂ ದುಡ್ಡು ಓಡುತ್ತಿತ್ತು. ಇಂಟರ್‌ನೆಟ್ ಫೋನು ಮಾತನ್ನು ಸೆಕೆಂಡಿಗೆ ಸಾಮಾನ್ಯವಾಗಿ 50 ಪೊಟ್ಟಣಗಳಾಗಿ ಕಟ್ಟಿ, ಇ-ಮೇಲ್ ಹೋಗುವ ದಾರಿಯಲ್ಲೇ ಕಳಿಸುತ್ತದೆ. ಅಂಥ ಪೊಟ್ಟಣಗಳ ದೊಡ್ಡ ಕೂಡುರಸ್ತೆಯೊಂದು ನಮ್ಮ ನೆರೆಯಲ್ಲೇ ಇತ್ತು: 1992ರಲ್ಲಿ ಶುರುವಾದ ಮೇ-ಈಸ್ಟ್ ಟೈಸನ್ಸ್ ಕಾರ್ನರ್‌ನ ಕಾರ್ ಗ್ಯಾರೇಜೊಂದರ ಮೂಲೆಯಲ್ಲಿತ್ತು! 1995ರಲ್ಲಿ ವೋಕಲ್‌ಟೆಕ್ ಕಂಪನಿ ಇಂಟರ್‌ನೆಟ್ ಫೋನನ್ನು ಮಾರುಕಟ್ಟೆಗೆ ತಂದಿತು. 1999ರಲ್ಲಿ ಪ್ರಕಟವಾದ ‘ಸಿಪ್’ ಎಂಬ ನಿಯಮಾವಳಿ ಫೋನಿಗೂ ಇ-ಮೇಲ್‌ನಂಥ ವಿಳಾಸ ಕೊಟ್ಟಿತು. ನೀವು ಎಲ್ಲಿಂದ ಹಾಜರಿ ಹಾಕುತ್ತೀರೋ ಕರೆ ಅಲ್ಲಿಗೆ ಬರುತ್ತದೆ. ಅದೇ ವರ್ಷ ಮಾರ್ಕ್ ಸ್ಪೆನ್ಸರ್ ಬರೆದ ‘ಆಸ್ಟರಿಸ್ಕ್’ ತಂತ್ರಾಂಶದಿಂದ, ಸಾವಿರಾರು ಡಾಲರಿನ ಪಿಬಿಎಕ್ಸ್ ಪೆಟ್ಟಿಗೆಯ ಕೆಲಸವನ್ನು ಸಾಧಾರಣ ಕಂಪ್ಯೂಟರೇ ಮಾಡತೊಡಗಿತು. ಕಚೇರಿ ಬದಲಾದರೂ ನಂಬರು ಉಳಿಯಿತು. ನಾಲ್ಕು ಊರಿನ ನೌಕರರು ಒಂದೇ ಕಚೇರಿಯ ಎಕ್ಸ್‌ಟೆನ್ಷನ್‌ಗಳಾದರು.

ತಂತ್ರಜ್ಞಾನ ಸಿದ್ಧವಾದರೆ ಉಳಿದದ್ದು ತಾನೇ ಆಗುತ್ತದೆಂದು ನಮ್ಮಂಥ ಸಾಫ್ಟ್‌ವೇರ್ ಮಂದಿ ಹೇಳುವುದುಂಟು. ಇತಿಹಾಸ ಹಾಗೆ ಹೇಳುವುದಿಲ್ಲ. ಭಾರತದಲ್ಲಿ ಇಂಟರ್‌ನೆಟ್ ಫೋನಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ಅದೂ ಅರ್ಧ ಬಾಗಿಲು ತೆರೆದಂತೆ: ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತಾಡಬಹುದಿತ್ತು, ಬೆಂಗಳೂರಿನಿಂದ ಮಂಡ್ಯದ ಫೋನಿಗೆ ಆಗುತ್ತಿರಲಿಲ್ಲ. ಕಾಲ್ ಸೆಂಟರುಗಳು ನೋಂದಣಿ ಮಾಡಿಸಬೇಕಿತ್ತು. ನೌಕರರನ್ನು ಮನೆಯಿಂದ ಕೆಲಸ ಮಾಡಿಸಲು ಠೇವಣಿ ಇಡಬೇಕಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಆ ಷರತ್ತು ಸಡಿಲವಾಯಿತು, ನವೆಂಬರಿನಲ್ಲಿ ನೋಂದಣಿಯೇ ರದ್ದಾಯಿತು. ಕಚೇರಿಯ ಎಕ್ಸ್‌ಚೇಂಜ್ ಪ್ರಪಂಚದ ಎಲ್ಲಿ ಬೇಕಾದರೂ ಇರಬಹುದೆಂಬ ಮಾತು 2021ರ ಜೂನಿನ ನಿಯಮದಲ್ಲಿ ಬಂತು. ತಂತ್ರಜ್ಞಾನ 1999ಕ್ಕೇ ಬಿಚ್ಚಿದ ಗಂಟನ್ನು ಕಾನೂನು ಬಿಚ್ಚಲು ಇನ್ನೂ 22 ವರ್ಷ ಹಿಡಿಯಿತು.

ಹಾಗೆಂದು ಕಾನೂನನ್ನೇ ದೂರುವುದೂ ತರವಲ್ಲ. ತಾಮ್ರದ ತಂತಿಗೆ ಒಂದು ಗುಣವಿತ್ತು: 911 ಒತ್ತಿದರೆ ಮನೆ ಯಾವುದೆಂದು ತಂತಿಯೇ ಹೇಳುತ್ತಿತ್ತು. ಕರೆಂಟು ಹೋದರೂ ಎಕ್ಸ್‌ಚೇಂಜಿನ ವಿದ್ಯುತ್ತಿನಿಂದಲೇ ಬದುಕಿರುತ್ತಿತ್ತು. ಊರೂರು ಅಲೆಯುವ ನಂಬರಿಗೆ ಆ ನೆನಪಿಲ್ಲ. ಆದ್ದರಿಂದಲೇ 2005ರಲ್ಲಿ ಎಫ್‌ಸಿಸಿ, ಸಾಮಾನ್ಯ ಫೋನುಗಳೊಡನೆ ಮಾತಾಡುವ ಇಂಟರ್‌ನೆಟ್ ಫೋನು ಕಂಪನಿಗಳು 911 ಸೇವೆ ಕೊಡಲೇಬೇಕು, ಗ್ರಾಹಕರ ವಿಳಾಸ ಪಡೆದಿರಲೇಬೇಕು ಎಂದು ವಿಧಿಸಿತು.

ನಿಮ್ಮ ಅಂಗಡಿಯಲ್ಲೋ ಕಚೇರಿಯಲ್ಲೋ ಇಂಥ ಫೋನಿದ್ದರೆ, ಅದರಲ್ಲಿ ದಾಖಲಾಗಿರುವ ವಿಳಾಸ ಇವತ್ತಿನದೇ ಎಂದು ಒಮ್ಮೆ ನೋಡಿ. ದನಿಗೆ ಊರಿನ ಹಂಗು ತಪ್ಪಿರಬಹುದು, ಮಾತಾಡುವ ಮನುಷ್ಯರಿಗೆ ತಪ್ಪಿಲ್ಲ. ಆಂಬುಲೆನ್ಸು ಈಗಲೂ ರಸ್ತೆಯ ಮೇಲೇ ಬರಬೇಕು.